ಅಜ್ಜಿ ಬಂದರೆ ಸೋಲುತ್ತೇವಂತೆ

ನವೆಂಬರ್ ೯, ಶನಿವಾರ

ಗೆಂಡೆಹಳ್ಳಿಯ ತಂಗಿ ಹುಚ್ಚಮ್ಮನಿಗೆ ಅರಸೀಕೆರೆಯಿಂದ ಅಕ್ಕ ರುದ್ರಮ್ಮನ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ನಿಮ್ಮ ಯಜಮಾನರು ಗಿಡ್ಡಯ್ಯನವರ ಕೆಮ್ಮು ಇಳಿಯಿತೆ? ಮಗ ಇಂದ್ರೇಶನ ಬೆನ್ನು? ಮೊಮ್ಮಗಳು ಪುಟ್ಟ ಸಿರಿಗೆ ಹಲ್ಲು ಬಂತೆ, ಬಂದಿದ್ದರೆ ಮೊದಲು ಯಾರನ್ನು ಕಚ್ಚಿದಳು?

ಇಷ್ಟು ಬರೆದ ಮೇಲೆ ನೆನಪಾಯಿತು, ಇದು ಡೈರಿ. ಕೈಗೆ ಕಾಗದ ಬರೆದೇ ಅಭ್ಯಾಸ. ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಅಂಗಡಿಯಿಂದ ಸಾಮಾನು ಕಟ್ಟಿ ಬಂದ ಪೇಪರು ಬಿಚ್ಚಿ ಬಿಚ್ಚಿ ಓದು ಕಲಿತದ್ದು. ಮೊದಲು ಹತ್ತಿದ್ದು ಆಟದ ಪುಟ. ಅಕ್ಷರ ದೊಡ್ಡದು, ಫೋಟೊ ಜಾಸ್ತಿ. ಫುಟ್‌ಬಾಲ್ ಹುಚ್ಚು ಅಲ್ಲಿಂದಲೇ ಅಂಟಿದ್ದು. ಇರಲಿ. ಹುಚ್ಚಮ್ಮನಿಗೆ ಆಮೇಲೆ ಇಳಿಸಿ ಬರೆದರಾಯಿತು.

ಇವತ್ತು ಬೆಂಗಳೂರಲ್ಲಿ ನಮ್ಮ ಟೀಮಿನ ಮ್ಯಾಚು. ಮೊಮ್ಮಗ ದೀಪಕ್ ಗೆಳೆಯರ ಜೊತೆ ಮಧ್ಯಾಹ್ನದ ಟ್ರೈನಿಗೆ ಹೊರಟ. ನಾನೂ ಸೆರಗಿಗೆ ಪಿನ್ನು ಹಾಕಿ ನಿಂತಿದ್ದೆ. ತಲೆ ಕೆರೆದುಕೊಂಡ.

‘ಅಜ್ಜಿ, ತಪ್ಪು ತಿಳ್ಕೋಬೇಡಿ. ನೀವು ಬಂದ ಮೂರು ಮ್ಯಾಚೂ ಸೋತ್ವಿ. ಫ್ರೆಂಡ್ಸೆಲ್ಲ ಹೇಳ್ತಿದಾರೆ... ನಿಮ್ಮ ಕಾಲ್ಗುಣ ಅಂತ.’

‘ಗೋಲ್‌ಕೀಪರು ಕೈಗೆ ಹರಳೆಣ್ಣೆ ಸವರ್ಕೊಂಡು ಬಂದ್ರೆ ನನ್ನ ಕಾಲೇನ್ ಮಾಡುತ್ತೋ?’

ನಕ್ಕ. ನಾನೂ ನಕ್ಕೆ. ಪಿನ್ನು ತೆಗೆದಿಟ್ಟೆ.

ನವೆಂಬರ್ ೧೦, ಭಾನುವಾರ

ಗೆದ್ದರು. ಎರಡು–ಸೊನ್ನೆ.

ಟಿವಿಯಲ್ಲಿ ನೋಡಿದೆ. ಸುಖವೇ. ಕಾಲು ಚಾಚಬಹುದು, ಬೇಕಾದಾಗ ಬಚ್ಚಲಿಗೆ ಹೋಗಬಹುದು, ಗೋಲು ತಪ್ಪಿದರೆ ಅದೇ ಗೋಲನ್ನು ನಾಲ್ಕು ಕಡೆಯಿಂದ ತೋರಿಸುತ್ತಾರೆ. ಆದರೆ ಟಿವಿಗೆ ಚೆಂಡಿನ ಹಿಂದೆ ಓಡುವುದೊಂದೇ ಕೆಲಸ. ನಮ್ಮ ಮೂರನೇ ನಂಬರಿನವನು ಎಡಗಡೆ ಗೆರೆಯ ಪಕ್ಕ ಇಡೀ ಹೊತ್ತು ಓಡುತ್ತಾನೆ. ಹತ್ತು ಸಲ ಓಡಿದರೆ ಒಂದು ಸಲ ಚೆಂಡು ಕೊಡುತ್ತಾರೆ. ಕೊಡದಿದ್ದರೂ ವಾಪಸ್ ಓಡಿಬಂದು ತನ್ನ ಜಾಗದಲ್ಲಿ ನಿಲ್ಲುತ್ತಾನೆ. ಸ್ಟೇಡಿಯಂನಲ್ಲಿ ನಾನು ಅವನನ್ನೇ ನೋಡುವುದು. ನಿನ್ನೆ ಟಿವಿಯಲ್ಲಿ ಅವನು ಕಂಡದ್ದು ಎಷ್ಟು ಹೊತ್ತೋ... ಉಗುರು ಕತ್ತರಿಸುವಷ್ಟು ಹೊತ್ತೂ ಇಲ್ಲ.

ಡಿಸೆಂಬರ್ ೨, ಸೋಮವಾರ

ಮೂರು ವಾರ ಬರೆಯಲು ಪುರುಸೊತ್ತಾಗಲಿಲ್ಲ. ದೀಪಕನ ಮದುವೆ ಮುಗಿಯಿತು. ಹುಡುಗಿ ಶಿಲ್ಪಶ್ರೀ, ಹಳೇಬೀಡಿನ ಹತ್ತಿರ ಮಾದಿಹಳ್ಳಿಯವಳು. ಮಾತು ಕಡಿಮೆ, ನಗು ಜಾಸ್ತಿ.

ಇವತ್ತು ಹೊಸ ಕಾಯಿ ಅಟ್ಟಕ್ಕೇರಿತು. ಮನೆಗೆ ಬಂದ ಸೊಸೆ ಮೊದಲ ಕಾಯಿ ಇಡುವುದು ಇಲ್ಲಿನ ಪದ್ಧತಿ. ಅದು ವರ್ಷವಿಡೀ ಅಟ್ಟದ ಮೇಲೇ ಒಣಗಿ, ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು, ಆಗ ಕೊಬ್ಬರಿ. ಶಿಲ್ಪಶ್ರೀ ಸೆರಗು ಸಿಕ್ಕಿಸಿ ಏಣಿ ಹತ್ತಿ, ಕಾಯಿಟ್ಟು, ಅಲ್ಲೇ ಕೂತು ಇನ್ನಷ್ಟು ಕೊಡಿ ಅಂದಳು. ಸಂಜೆಯ ತನಕ ಇಳಿಯಲಿಲ್ಲ. ನಮ್ಮ ಯಜಮಾನರಿಗೆ ಬಹಳ ಖುಷಿ. ಕೆಂಚಪ್ಪನವರನ್ನು ಖುಷಿಪಡಿಸುವುದು ಸುಲಭವಲ್ಲ.

ಡಿಸೆಂಬರ್ ೧೪, ಶನಿವಾರ. ರಾತ್ರಿ ಒಂಬತ್ತು

ಹಾಫ್‌ಟೈಮಿಗೆ ಸ್ಟೇಡಿಯಂನಿಂದ ದೀಪಕನ ಫೋನು. ಒಂದು ಗೋಲು ಹಿಂದೆ ಇದ್ದೇವೆ, ಅಜ್ಜಿ ಟಿವಿ ನೋಡುತ್ತಿದ್ದಾರಾ ಅಂತ ಅವರಪ್ಪನನ್ನು ಕೇಳಿದನಂತೆ. ಹೌದು ಅಂದಾಗ ಆಫ್ ಮಾಡಿಸಿ ಅಂದನಂತೆ. ನನ್ನ ಮಗ ಚನ್ನೇಶ ನಗುತ್ತಾ ರಿಮೋಟು ತೆಗೆದುಕೊಂಡು ಹೋದ.

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತೆ. ಪಕ್ಕದ ಮನೆಯಿಂದ ಕೂಗು ಬಂತು. ಆಮೇಲೆ ಇನ್ನೊಂದು. ಗೆದ್ದರಂತೆ. ಸಂತೋಷವೇ. ಅವರೆಕಾಳು ಹಿದುಕಿ ನಾಳೆ ಸಾರು ಮಾಡಬೇಕು.

ಜನವರಿ ೫, ಭಾನುವಾರ

ಅಟ್ಟದ ತೊಲೆ ಮುರಿಯಿತು. ಬೆಳಿಗ್ಗೆ ನಾನು ಶಿವಪೂಜೆಯಲ್ಲಿದ್ದೆ. ಸಿಡಿಲಿನಂಥ ಸದ್ದು, ಆಮೇಲೆ ಕಾಯಿ ಉರುಳುವ ಸದ್ದು ನಿಲ್ಲಲೇ ಇಲ್ಲ. ಅಟ್ಟದ ಕೆಳಗಿದ್ದ ಯಜಮಾನರ ಪಾದದ ಮೂಳೆ ಸೀಳಿದೆ. ಪ್ಲಾಸ್ಟರ್. ಜೀವಕ್ಕೇನಿಲ್ಲ.

ಜನವರಿ ೭, ಮಂಗಳವಾರ

ನೋಡಲು ಬಂದ ನೆಂಟರೊಡನೆ ಚನ್ನೇಶ ನಡುಮನೆಯಲ್ಲಿ ಕೂತಿದ್ದ. ದನಿ ತಗ್ಗಿಸಿಯೇ ಹೇಳಿದ.

‘ಅಜ್ಜನ ಕಾಲದಿಂದ ನಿಂತಿದ್ದ ತೊಲೆ. ಮನೇಗೆ ಹೊಸ ಕಾಲು ಬಂತು... ಬಿತ್ತು.’

ಶಿಲ್ಪಶ್ರೀ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಕಾಫಿ ಕೊಟ್ಟೇ ಒಳಗೆ ಹೋದಳು. ಒಂದು ಹನಿಯೂ ಚೆಲ್ಲಲಿಲ್ಲ.

ತೊಲೆಗೆ ಗೆದ್ದಲು ಹತ್ತಿತ್ತು. ಹೋದ ವರ್ಷವೇ ಯಜಮಾನರು ಹೇಳಿದ್ದರು. ರೇಟು ಏರುತ್ತದೆ ಅಂತ ಈ ಸಲ ಅದರ ಮೇಲೇ ಜಾಸ್ತಿ ಕಾಯಿ ಹೇರಿಸಿದವನು ಚನ್ನೇಶನೇ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಜನವರಿ ೧೮, ಶನಿವಾರ

ತೊಲೆ ಬದಲಾಯಿಸಿದರು. ಕಾಯಿ ಮತ್ತೆ ಮೇಲೇರಿತು. ಶಿಲ್ಪಶ್ರೀ ಏಣಿ ಮುಟ್ಟಲಿಲ್ಲ, ಯಾರೂ ಕರೆಯಲೂ ಇಲ್ಲ.

ಮಧ್ಯಾಹ್ನ ದೀಪಕ್ ಮ್ಯಾಚಿಗೆ ಹೊರಟ. ಹೊಸ್ತಿಲ ಹತ್ತಿರ ಒಂದು ಸಂಗತಿ ಕಂಡೆ. ಅವನು ಶೂ ಹಾಕಿಕೊಳ್ಳುವಾಗ ಹೆಂಡತಿ ಹಿಂದೆ ಸರಿದು ಅಡಿಗೆಮನೆ ಸೇರಿದಳು. ಅವನು ಕೇರಿ ದಾಟಿದ ಮೇಲೆ ಹೊರಗೆ ಬಂದಳು. ಎದುರಿಗೆ ಬರಬಾರದು ಅಂತ ಅವಳಿಗೆ ಯಾರೂ ಹೇಳಿಲ್ಲ.

ನಾನು ಈ ಮನೆಗೆ ಬಂದ ವರ್ಷ ಬಾವಿ ಬತ್ತಿತ್ತು. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದ ತನಕ ಹಿತ್ತಿಲ ಬಾಗಿಲಲ್ಲೇ ಓಡಾಡಿದೆ. ನನಗೂ ಯಾರೂ ಹೇಳಿರಲಿಲ್ಲ.

ಇವತ್ತು ಟಿವಿ ನಾನೇ ಹಾಕಲಿಲ್ಲ. ಅವಳು, ನಾನು ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸಿದೆವು.

ಫೆಬ್ರವರಿ ೧, ಶನಿವಾರ

ಗೆದ್ದರು. ನಾನು ಮನೆಯಲ್ಲಿದ್ದೆ. ದೀಪಕ್ ಫೋನಿನಲ್ಲಿ, ‘ಥ್ಯಾಂಕ್ಸ್ ಅಜ್ಜಿ’ ಅಂದ.

ಫೆಬ್ರವರಿ ೧೧, ಮಂಗಳವಾರ

ಈ ಶನಿವಾರ ಕೇರಳದವರ ಮೇಲೆ. ಗೆದ್ದರೆ ಮುಂದಿನ ಸುತ್ತು, ಸೋತರೆ ಕಥೆ ಮುಗಿಯಿತು. ಊಟದ ಹೊತ್ತಿನಲ್ಲಿ ಹೇಳಿದೆ, ನಾನು ಬರುತ್ತೇನೆ, ಶಿಲ್ಪಶ್ರೀಯೂ ಬರುತ್ತಾಳೆ, ಮೂರು ಟಿಕೆಟ್ ಮಾಡು ಅಂತ.

ದೀಪಕನ ತುತ್ತು ಕೈಯಲ್ಲೇ ನಿಂತಿತು. ‘ಅಜ್ಜಿ, ಇದು ಗೆಲ್ಲಲೇಬೇಕಾದ ಮ್ಯಾಚು.’

‘ಅದಕ್ಕೇ.’

ಚನ್ನೇಶ ಬಾಯಿ ಹಾಕಿದ. ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಈ ವಯಸ್ಸಿನಲ್ಲಿ ಆ ಮೆಟ್ಟಿಲು, ಆ ಟ್ರೈನು ಯಾಕೆ... ಸುಳ್ಳಲ್ಲ ಅವನು ಹೇಳಿದ್ದು. ಮಂಚದ ಮೇಲಿಂದ ಯಜಮಾನರು ಕೂಗಿದರು. ‘ಹೋಗ್ಲಿ ಬಿಡ್ಲಾ. ಮುರಿದಿರೋದು ನನ್ ಕಾಲು, ಅವಳದ್ದು ನೆಟ್ಟಗೈತೆ.’

ಪಾತ್ರೆ ತೊಳೆಯುವಾಗ ಶಿಲ್ಪಶ್ರೀ ಮೆಲ್ಲಗೆ ಕೇಳಿದಳು. ‘ಸೋತ್ರೆ ಅಜ್ಜಿ?’

‘ಸೋತ್ರೆ ಸೋತು ಬರೋಣ. ಮುಂಬಾಗಿಲಲ್ಲೇ ಬರೋಣ.’

ಒಂದೇ ಲೋಟವನ್ನು ಬಹಳ ಹೊತ್ತು ತೊಳೆದಳು.

ಫೆಬ್ರವರಿ ೧೬, ಭಾನುವಾರ. ಮಧ್ಯಾಹ್ನ

ಬೆಳಗಿನ ಜಾವ ಬಂದು ಬಿದ್ದು, ಈಗ ಎದ್ದೆ. ಮೈ ಪೂರಾ ನೋವು. ಬರೆದುಬಿಡುತ್ತೇನೆ.

ಗೇಟಿನಲ್ಲಿ ಒಬ್ಬ ಪೊಲೀಸ್ ಹೆಣ್ಣುಮಗಳು ನೀರಿನ ಬಾಟಲಿ ಕಿತ್ತುಕೊಂಡಳು, ಎಸೆಯುತ್ತಾರಂತೆ. ಕೊರಳಿನ ಬೆಳ್ಳಿ ಕರಡಿಗೆ ಮುಟ್ಟಿ ಇದೇನು ಅಂದಳು. ‘ನನ್ನ ಲಿಂಗ ಕಣಮ್ಮ. ರೆಫರಿ ಎಷ್ಟೇ ಕೆಟ್ಟವನಾದ್ರೂ ಇದನ್ನ ಎಸೆಯಲ್ಲ.’ ಅವಳೇ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.

ಅರ್ಧ ಸೀಟು ಖಾಲಿ. ದೀಪಕ್ ಕಾರಣ ಹೇಳಿದ—ಮ್ಯಾಚು ಫೋನಿನಲ್ಲೇ ಬರುತ್ತದೆ, ಜನ ಮಳೆ ಅಂದರೆ ಬರುವುದಿಲ್ಲ, ಟ್ರಾಫಿಕ್ ಅಂದರೆ ಬರುವುದಿಲ್ಲ. ಅವನ ಗೆಳೆಯರು ನನ್ನನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ನಮಸ್ಕಾರ ಮಾಡಿ ಎರಡು ಸಾಲು ಹಿಂದೆ ಹೋಗಿ ಕೂತ.

ಶಿಲ್ಪಶ್ರೀಗೆ ಮೊದಲು ಏನೂ ತಿಳಿಯಲಿಲ್ಲ. ಚೆಂಡು ಬಿಡು, ಎಡಗಡೆ ಮೂರನೇ ನಂಬರ್ ನೋಡು ಅಂದೆ. ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ, ‘ಅವ್ನಿಗೆ ಯಾಕೆ ಕೊಡ್ತಿಲ್ಲ ಅಜ್ಜಿ?’ ಅಂದಳು. ಇನ್ನೂ ಸ್ವಲ್ಪ ಹೊತ್ತಿಗೆ ಎದ್ದು ನಿಂತಿದ್ದಳು. ‘ಎಡಕ್ಕೆ ಕೊಡ್ರೋ!’ ಮುಂದಿನ ಸಾಲಿನವರು ತಿರುಗಿ ನೋಡಿದರು. ಆಮೇಲೆ ಅವರೂ ಅದನ್ನೇ ಕೂಗತೊಡಗಿದರು. ನಮ್ಮ ಕಡೆಯ ಜನವೆಲ್ಲ ಎಡಕ್ಕೆ, ಎಡಕ್ಕೆ. ಕೊನೆಗೆ ಕೊಟ್ಟರು. ಅವನು ಒದ್ದ ಚೆಂಡು ಕಂಬಕ್ಕೆ ಬಡಿದ ಸದ್ದು ನನ್ನ ಹಲ್ಲಿನಲ್ಲಿ ಕೇಳಿಸಿತು. ಟಿವಿಯಲ್ಲಿ ಆ ಸದ್ದು ಹೀಗೆ ಕೇಳಿದ್ದಿಲ್ಲ.

ಗೋಲಾಗಲಿಲ್ಲ. ಮುಗಿಯುವ ಹೊತ್ತಿಗೆ ಕೇರಳದವರು ಒಂದು ಹೊಡೆದರು. ಸೋತೆವು.

ವಾಪಸ್ ಟ್ರೈನು ಹಿಡಿದೆವು. ತುಮಕೂರು ದಾಟಿದ ಮೇಲೆ ದೀಪಕನ ಗೆಳೆಯನೊಬ್ಬ ಗೊಣಗಿದ, ಅಜ್ಜಿ ಒಬ್ಬರೇ ಸಾಲದು ಅಂತ ಈ ಸಲ ಇನ್ನೊಬ್ಬರು ಬೇರೆ. ದೀಪಕ್ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಆಗ ಅವನಿಗೆ ಏನು ಹೊಳೆಯಿತೋ. ಅಪ್ಪನ ಮಾತು ಅವನ ಕಿವಿಗೂ ಬಿದ್ದಿರಲೇಬೇಕು.

‘ಕಂಬಕ್ಕೆ ಹೊಡೆದದ್ದು ಅವಳಲ್ಲ ಕಣೋ. ನಾನು ಇಪ್ಪತ್ತು ಸಲ ಸೋತಿರೋದು ನೋಡಿದೀನಿ. ನನ್ನ ಕಾಲು ಯಾರೂ ನೋಡ್ಲಿಲ್ಲವಲ್ಲ.’

ಅಷ್ಟೇ ಹೇಳಿದ್ದು. ಆಮೇಲೆ ನನ್ನ ಕಡೆ ನೋಡದೆ ನನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಮನೆಗೆ ಬಂದಾಗ ಚನ್ನೇಶ ಹೊಸ್ತಿಲಲ್ಲಿ ಎದ್ದು ಕೂತಿದ್ದ. ಟಿವಿಯಲ್ಲಿ ನೋಡಿರುತ್ತಾನೆ, ಆದರೂ ಏನಾಯಿತು ಅಂದ. ನಾನು ಬಾಯಿ ತೆರೆಯುವ ಮೊದಲೇ ಶಿಲ್ಪಶ್ರೀ ಮುಂದಾಗಿ ಹೊಸ್ತಿಲು ದಾಟಿದಳು. ಅವನು ಕಾಲು ಮಡಚಿ ದಾರಿ ಬಿಡಬೇಕಾಯಿತು.

‘ಸೋತ್ವಿ ಮಾವ. ಮೂರನೇ ನಂಬರ್ ಮಾತ್ರ ಚೆನ್ನಾಗಾಡಿದ. ಮುಂದಿನ ವರ್ಷಾನೂ ಹೋಗ್ತೀವಿ.’



ಫೆಬ್ರವರಿ ೧೮, ಮಂಗಳವಾರ

ಹುಚ್ಚಮ್ಮನ ಕಾಗದಕ್ಕೆ:

ಸಿರಿ ಕಚ್ಚಿದ್ದು ಗಿಡ್ಡಯ್ಯನವರನ್ನೇ ಅಂತ ತಿಳಿದು ಸಮಾಧಾನವಾಯಿತು. ಇಲ್ಲಿ ಯಜಮಾನರ ಪ್ಲಾಸ್ಟರ್ ಬಿಚ್ಚಿದರು. ನಾವು ಸೋತೆವು. ನೀನು ಇಲ್ಲಿಯ ತನಕ ಒಂದೂ ಮ್ಯಾಚು ನೋಡಿಲ್ಲ, ಹೊಸ ಸೀಸನ್ನಿಗೆ ಬಾ. ಮಂಡಿನೋವಿಗೆ ನೆವ ಹೇಳಬೇಡ, ಮೆಟ್ಟಿಲು ಹತ್ತಿಸಲು ಪೊಲೀಸರಿದ್ದಾರೆ. ನಿನ್ನನ್ನು ಕರೆದರೆ ಗೆಲ್ಲುತ್ತೇವೋ ಇಲ್ಲವೋ ಅದು ನನಗೆ ಬೇಡ. ನನ್ನ ಈ ಪಕ್ಕ ಶಿಲ್ಪಶ್ರೀ ಕೂತರೆ ಆ ಪಕ್ಕದ ಸೀಟು ಖಾಲಿ, ಅಷ್ಟೆ. ಬರುವುದಾದರೆ ಬೇಗ ಬರೆ, ಟಿಕೆಟ್ಟಿಗೆ—

ಅಟ್ಟದ ಮೇಲಿಂದ ಶಿಲ್ಪಶ್ರೀ ಕೂಗುತ್ತಿದ್ದಾಳೆ. ಏಣಿ ಯಾರೋ ತೆಗೆದುಬಿಟ್ಟಿದ್ದಾರಂತೆ, ಹೋಗಿ ಇಟ್ಟು ಹಿಡಿಯಬೇಕು.