ಹುಲ್ಲಿನ ಪೊರಕೆ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ನನ್ನ ಜಾಣ ತಮ್ಮನಿಗೆ,

ಹೇಗಿದ್ದೀಯಪ್ಪಾ? ಹೊಸ ಊರಿನ ನೀರು ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನಿದ್ದೆ ಬರುತ್ತಿದ್ದರೆ ಮಲಗು. ಇಲ್ಲಿ ಅಮ್ಮ, ನಾನು ಚೆನ್ನಾಗಿದ್ದೇವೆ.

ಗಾಜಿನ ಕಾರ್ಖಾನೆಯ ಚಿಮಣಿಯಿಂದ ಈಗ ಕಂದು ಹೊಗೆ ಬರುವುದಿಲ್ಲ. ಬೀದಿಯವರೆಲ್ಲ ಬಿಳಿ ಬಟ್ಟೆಯನ್ನು ಧೈರ್ಯವಾಗಿ ಒಣಹಾಕಿ ನಿನ್ನನ್ನು ಹೊಗಳುತ್ತಾರೆ. ಹೊಗೆಗೆ ಹೈಡ್ರೋಜನ್ ಬೆರೆಸಿ, ನಿನ್ನ ಯಂತ್ರದೊಳಗಿನ ಜೇನುಗೂಡಿನಂಥ ಆ ವೇಗವರ್ಧಕದ ತೂತುಗಳಲ್ಲಿ ಹಾಯಿಸಿದರೆ ನೈಟ್ರೋಜನ್ ಆಕ್ಸೈಡಿನ ವಿಷವೆಲ್ಲ ಬರೀ ಗಾಳಿ, ನೀರಾಗುತ್ತದೆ ಎಂದು ನೀನು ಹೇಳಿದಾಗ ನನ್ನ ಎದೆ ಉಬ್ಬಿತ್ತು ಕಣೋ. ಅದೇ ಹೈಡ್ರೋಜನ್ ಕೊಳವೆಯಿಂದ ಸೋರಿ ಹತ್ತಿಕೊಂಡರೆ ಉರಿ ಹಗಲಲ್ಲಿ ಕಾಣುವುದೇ ಇಲ್ಲ ಎಂದು ನನಗೆ ಹೇಳಿದವರು ಅಲ್ಲೇ ಕೊಳವೆ ನೋಡಿಕೊಳ್ಳುತ್ತಿದ್ದ ನಿನ್ನ ಭಾವ. ಅದಕ್ಕೇ ಅವರು ಕೊಳವೆಸಾಲಿನ ಉದ್ದಕ್ಕೂ ಒಣಹುಲ್ಲಿನ ಪೊರಕೆಯನ್ನು ಮುಂದೆ ಚಾಚಿಕೊಂಡೇ ನಡೆಯುತ್ತಿದ್ದರು. ಪೊರಕೆ ಹತ್ತಿಕೊಂಡರೆ ಅಲ್ಲೇ ನಿಲ್ಲಬೇಕು. ಮನೆಯಲ್ಲಿ ಎಂದೂ ಪೊರಕೆ ಮುಟ್ಟದವರು ಅಲ್ಲಿ ಹಿಡಿದರಲ್ಲ ಎಂದು ನಾನು ನಕ್ಕಿದ್ದುಂಟು.

ನಿನಗೆ ಅದು ಅವಮಾನವಾಯಿತು. ದೊಡ್ಡವರು ನಿನ್ನ ಯಂತ್ರ ನೋಡಲು ಬರುವ ಹಿಂದಿನ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, "ಭಾವ, ನಾಳೆ ಒಂದಿನ ಆ ಪೊರಕೆ ಬಿಟ್ಬಿಡಿ, ಎಲ್ರೂ ನಗ್ತಾರೆ. ನನ್ನ ಮಾನ ಹೋಗುತ್ತೆ" ಎಂದೆ. ಹೆಂಡತಿಯ ತಮ್ಮನ ಮಾತು ತೆಗೆದುಹಾಕಲಾರದೆ ಅವರು ಮರುದಿನ ಬರಿಗೈಯಲ್ಲಿ ನಡೆದರು. ನೇರ ಉರಿಯೊಳಕ್ಕೇ ನಡೆದರು.

ಎರಡು ಕಣ್ಣೂ ಹೋಗಿವೆ. ಪಟ್ಟಿ ಕಟ್ಟಿದ್ದು ಕಣ್ಣಿಗೆ, ಕಿವಿಗಲ್ಲ. ನೀನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಸಾಹೇಬರಿಗೆ, "ಪೊರಕೆ ತಗೊಳ್ಳೋದು ಮರೆತಿದ್ದಾರೆ ಸಾರ್, ಅವರದೇ ತಪ್ಪು" ಎಂದದ್ದನ್ನು ಇವರು ಮಲಗಿದ್ದಲ್ಲೇ ಕೇಳಿಸಿಕೊಂಡರು. ನಿನಗೆ ಬಡ್ತಿ ಸಿಕ್ಕಿತು. ಇವರಿಗೆ ಕಣ್ಣಿನ ಜೊತೆ ಕೆಲಸವೂ ಹೋಯಿತು, ಅಜಾಗರೂಕ ಎಂಬ ಹೆಸರು ಬಂತು. ಚಿಕ್ಕಂದಿನಲ್ಲಿ ನಿನ್ನನ್ನು ಸೊಂಟದಿಂದ ಇಳಿಸದೆ ಸಾಕಿದೆನಲ್ಲ, ನನಗೆ ಬುದ್ಧಿ ಇರಲಿಲ್ಲ.

ಚೆನ್ನಾಗಿ ಬಾಳು. ನಿನ್ನ ಕಣ್ಣು ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ಅಂದ ಹಾಗೆ, ಮುಂದಿನ ವಾರ ವಿಚಾರಣೆ. ನಿನ್ನ ಕೆಲಸ ಉಳಿಯಲೆಂದು ಇವರು "ನಾನೇ ಮರೆತೆ" ಎಂದೇ ಹೇಳುತ್ತಾರಂತೆ. ಆದರೆ ಅಂದು ನಿನಗೆ ಬಡಿಸುತ್ತಿದ್ದವಳು ಅಮ್ಮ. ನೀನಾಡಿದ್ದನ್ನು ತಾನೇ ಬಂದು ಹೇಳುತ್ತಾಳಂತೆ. ಮೊದಲಾಗಿದ್ದರೆ ಹೊಗೆಯ ಕೆಮ್ಮಿಗೆ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ನಿನ್ನ ಯಂತ್ರದ ಪುಣ್ಯ, ಈಗ ಒಂದೇ ಉಸಿರಿಗೆ ಪೂರ್ತಿ ಹೇಳಬಲ್ಲಳು.