ತೊಟ್ಟಿಯ ಹತ್ತಿರ ಹೇಳಿಕೊಂಡ ಮಾತು

ಶಿವನಿ
ಭಾನುವಾರ, 16-11-2025

ನಮ್ಮನೆಯವರಿಗೆ ತನುಜಾ ಮಾಡುವ ನಮಸ್ಕಾರ.

ನಾನು ಇಲ್ಲಿ ಕ್ಷೇಮವಾಗಿಲ್ಲ. ನೀವು ಅಲ್ಲಿ ಕ್ಷೇಮವಾಗಿದ್ದರೆ ಅದೂ ನನಗೆ ಸಿಟ್ಟೇ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನನ್ನ ಕೋಪ ಅಳುವಾಗಿಬಿಡುತ್ತದೆ, ನೀವು ‘ಆಯ್ತು ಬಿಡೇ’ ಅಂದು ಗೆದ್ದುಬಿಡುತ್ತೀರಿ. ಅದಕ್ಕೇ ಕಾಗದ. ಪೂರ್ತಿ ಓದಿ.

ಕಡೂರಿನ ಶಿಬಿರಕ್ಕೆ ನಿಮ್ಮನ್ನು ಬಲವಂತ ಮಾಡಿ ಕಳಿಸಿದವಳು ನಾನೇ. ಹೊಗೆಸೊಪ್ಪು ಬಿಡಲಿ ಅಂತ. ದಿನಾ ಬೆಳಿಗ್ಗೆ ಒಳ್ಳೆಯ ಮಾತನ್ನು ಗಟ್ಟಿಯಾಗಿ ಹೇಳಿಕೊಂಡರೆ ಚಟವೂ ಬಿಡುತ್ತದೆ, ಮನಸ್ಸೂ ಬದಲಾಗುತ್ತದೆ ಅಂತ ಅಲ್ಲಿಯ ಮೇಷ್ಟ್ರು ಕಲಿಸಿದರಂತೆ. ನೀವು ಕನ್ನಡಿ ಮುಂದೆ ನಿಂತು ‘ನನಗೆ ಹೊಗೆಸೊಪ್ಪು ಬೇಡ, ನಾನು ಗಟ್ಟಿ ಮನುಷ್ಯ’ ಅಂದಾಗ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ನಿಮ್ಮ ಜೇಬಿನಲ್ಲಿ ಆ ಪೊಟ್ಟಣ ಕಾಣದೆ ಹೋದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಆದರೆ ಇನ್ನೊಂದು ಮಾತಿತ್ತಲ್ಲ, ಅದನ್ನು ಕನ್ನಡಿ ಮುಂದೆ ಯಾಕೆ ಹೇಳಲಿಲ್ಲ? ತೋಟದ ತೊಟ್ಟಿಯ ಹತ್ತಿರ ಹೋಗಿ, ಬೋರಿನ ನೀರು ಧೋ ಅಂತ ಬೀಳುವ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು ಕಿರುಚಿದಿರಿ. ಕರೆಂಟು ನಿಮ್ಮನ್ನು ಕೇಳಿ ಹೋಗುತ್ತದೆಯೇ? ಹೋಯಿತು. ನೀರು ನಿಂತಿತು. ನಿಮ್ಮ ಬಾಯಿ ನಿಲ್ಲಲಿಲ್ಲ. ‘ನನ್ ಹೆಂಡ್ತಿ ತನುಜಾ ಒಳ್ಳೇವ್ಳು! ಅವ್ಳಿಗೂ ಧರ್ಮೇಶಂಗೂ ಏನೂ ಇಲ್ಲ! ನಂಗೆ ಅನುಮಾನ ಇಲ್ಲ!’ ಬೇಲಿಯಾಚೆ ನಮ್ಮ ಪಂಚನಹಳ್ಳಿಯ ಅರ್ಧಕ್ಕರ್ಧ ಹೆಂಗಸರು ಡೇರಿಗೆ ಹಾಲು ತೆಗೆದುಕೊಂಡು ಹೋಗುತ್ತಿದ್ದರು. ಅವರ ಜೊತೆ ಡೇರಿಯ ಬೀಗದಕೈ ಹಿಡಿದುಕೊಂಡು ನಾನೂ ಇದ್ದೆ.

ಅಯ್ಯೋ ಪುಣ್ಯಾತ್ಮರೇ! ಅಲ್ಲಿಯತನಕ ಊರಲ್ಲಿ ಆ ಧರ್ಮೇಶನ ಹೆಸರನ್ನೂ ನನ್ನ ಹೆಸರನ್ನೂ ಒಟ್ಟಿಗೆ ಎತ್ತಿದವರಿರಲಿಲ್ಲ. ಆತ ಹಾಲಿನ ಗುಣಮಟ್ಟ ನೋಡಲು ಬರುವ ಸೂಪರ್‌ವೈಸರ್, ನಾನು ಹೆಂಗಸರ ಹಾಲಿನ ಸಂಘದ ಕಾರ್ಯದರ್ಶಿ. ಫ್ಯಾಟ್ ಎಷ್ಟು ಬಂತು, ಕ್ಯಾನು ಯಾಕೆ ತಡವಾಯಿತು, ಇದರ ಹೊರತು ಆತ ನನ್ನ ಜೊತೆ ಮಾತಾಡಿದ್ದಿಲ್ಲ. ಅಷ್ಟಕ್ಕೇ ಏನೇನೋ ಕಟ್ಟಿಕೊಂಡು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಾನು ತೊಳಸಿ ಕಟ್ಟಿದ ಮುದ್ದೆ ಉಂಡಿರಲ್ಲ! ಇಲ್ಲ ಇಲ್ಲ ಅಂತ ದಿನಾ ಹೇಳಿಕೊಳ್ಳಬೇಕಾದರೆ, ಇದೆ ಅಂತ ಎಷ್ಟು ಕಾಲ ನಂಬಿದ್ದಿರಿ? ಒಂದು ಸಲ ನನ್ನನ್ನೇ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಪಕ್ಕದ ಮನೆ ಕಾಂತಮ್ಮ ಅವತ್ತೇ ಹಾಲು ಅಳೆಸುತ್ತಾ, ‘ತಿಪ್ಪೇಶ ಅಷ್ಟ್ ಬಡ್ಕೋತಾನೆ ಅಂದ್ರೆ ಸುಮ್ಕೇನಾ? ಬೆಂಕಿ ಇಲ್ದೆ ಹೊಗೆ ಆಡ್ತದೇನೇ?’ ಅಂದಳು. ಜೋರು ಮಾಡಿದರೆ, ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು’ ಅನ್ನುತ್ತಾರೆ. ಸುಮ್ಮನಿದ್ದರೆ ಒಪ್ಪಿಕೊಂಡಳು ಅನ್ನುತ್ತಾರೆ. ಈಗ ಬರುವ ಶುಕ್ರವಾರ ಸಭೆ ಕರೆದಿದ್ದಾರೆ, ನನ್ನನ್ನು ಇಳಿಸಿ ಬೇರೆಯವರನ್ನು ಕೂರಿಸಲು. ಮನೆಮನೆ ತಿರುಗಿ, ಗಂಡಸರ ಕೈಲಿ ಬೈಸಿಕೊಂಡು ಆ ಸಂಘ ಕಟ್ಟಿದವಳು ನಾನು. ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದು ಇಳಿದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಇಷ್ಟಾದ ಮೇಲೂ ನೀವು ಜಗಲಿಯ ಮೇಲೆ ಕೂತು, ‘ಪಾಸಿಟಿವ್ ಆಗೇ ತಾನೆ ಹೇಳಿದ್ದು, ಅದ್ರಲ್ಲಿ ತಪ್ಪೇನೈತೆ?’ ಅಂದಿರಿ. ಆ ಮಾತಿಗೇ ನಾನು ಬ್ಯಾಗು ತುಂಬಿಕೊಂಡು ತವರಿಗೆ ಬಂದದ್ದು. ನಮ್ಮಣ್ಣ ರುದ್ರಮೂರ್ತಿ ‘ನಾನೇ ಹೋಗಿ ವಿಚಾರಿಸ್ಕಂಡ್ ಬತ್ತೀನಿ’ ಅಂತ ಬೈಕ್ ಹತ್ತಿದ್ದ. ಇಳಿಸಿದೆ. ನಿಮ್ಮನ್ನು ಬೈಯುವ ಹಕ್ಕು ನನ್ನದು, ಅವನದಲ್ಲ.

ಈಗ ಕೇಳಿ. ಶುಕ್ರವಾರ ಬೆಳಿಗ್ಗೆ ಸಭೆಗೆ ಮುಂಚೆ, ಎಲ್ಲರೂ ಹಾಲು ಹಿಡಿದು ಸಾಲಾಗಿ ನಿಂತಿರುವಾಗ, ಡೇರಿಯ ಮುಂದೆ ಬನ್ನಿ. ನನ್ನ ಹೆಂಡತಿ ಒಳ್ಳೆಯವಳು ಅಂತ ದಯವಿಟ್ಟು ಹೇಳಬೇಡಿ, ಅದು ಅವರಿಗೆಲ್ಲ ಗೊತ್ತಿದ್ದದ್ದೇ. ‘ನಾನು ಇಲ್ಲದ್ದನ್ನು ಅನುಮಾನಪಟ್ಟೆ, ತಪ್ಪು ನನ್ನದು’ ಅನ್ನಿ. ದಿನಾ ಬೇಕಿಲ್ಲ, ಒಂದೇ ಸಲ ಸಾಕು. ಆದರೆ ತೊಟ್ಟಿಯ ಹತ್ತಿರ ಬಂದಿತ್ತಲ್ಲ, ಅದೇ ಗಂಟಲಿನಲ್ಲಿ. ನಾನು ಬಸ್ಸಿಳಿದು ನೇರವಾಗಿ ಡೇರಿಗೇ ಬರುತ್ತೇನೆ. ಅಲ್ಲಿಂದ ಮನೆಗೆ ನಡೆಯುವುದೋ, ವಾಪಸ್ ಶಿವನಿಯ ಬಸ್ಸು ಹಿಡಿಯುವುದೋ, ನಿಮ್ಮ ಬಾಯಿಗೆ ಬಿಟ್ಟದ್ದು.

ಅತ್ತೆಗೆ ಕಾಲುನೋವಿನ ಎಣ್ಣೆ ಬಿಸಿ ಮಾಡಿ ಕೊಡಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇಂತಿ,
ಯಾರ ಸರ್ಟಿಫಿಕೇಟೂ ಬೇಕಿಲ್ಲದ
ತನುಜಾ

ಮರೆತಿದ್ದೆ: ನಿಮ್ಮ ಮೇಷ್ಟ್ರ ವಿದ್ಯೆಯನ್ನು ನಾನೂ ಶುರು ಮಾಡಿದ್ದೇನೆ. ಬೆಳಿಗ್ಗೆ ಎದ್ದು ‘ನನ್ನ ಗಂಡ ಪೆದ್ದ, ಆದರೆ ಕೆಟ್ಟವನಲ್ಲ’ ಅಂತ ಹೇಳಿಕೊಳ್ಳುತ್ತೇನೆ. ಪೆದ್ದ ಅನ್ನುವುದು ಮೊದಲ ದಿನವೇ ಮನಸ್ಸಿಗೆ ಇಳಿಯಿತು. ಉಳಿದರ್ಧ ಇನ್ನೂ ನಾಲಿಗೆಯ ಮೇಲೇ ಇದೆ. ಶುಕ್ರವಾರದತನಕ ಹೇಳಿ ನೋಡುತ್ತೇನೆ.