ಮೂರನೆಯ ಮಹಡಿಗೆ ಬರುತ್ತಿದ್ದ ಲಿಫ್ಟು

ನಿಮ್ಮ ಮನೆಯ ಅಡುಗೆಮನೆ ಮೇಜು, ಮೂರನೆಯ ಮಹಡಿ
ಭಾನುವಾರ, ಇಪ್ಪತ್ತೆರಡನೆಯ ತಾರೀಖು

ಪ್ರೀತಿಯ ಜೀರುಂಡೇ,

ಮೊದಲು ಸಂತೋಷದ ಸುದ್ದಿ. ಜಗತ್ತಿನ ಅತಿ ಎತ್ತರದ ಕಟ್ಟಡದವರು ಹೋದ ವಾರ ನನಗೆ ಫೋನು ಮಾಡಿ, ತಮ್ಮ ಲಿಫ್ಟುಗಳೆಲ್ಲ ಅರ್ಧದಲ್ಲೇ ನಿಂತುಬಿಟ್ಟಿವೆ, ನಾನು ಬಂದು ಒಂದು ಸಲ ಮುಟ್ಟಿದರೆ ಸಾಕು ಎಂದು ಅಂಗಲಾಚಿದರು. ಅಷ್ಟು ದೂರ ಯಾರು ಹೋಗುತ್ತಾರೆ? ಫೋನನ್ನು ಲಿಫ್ಟಿನ ಹತ್ತಿರ ಹಿಡಿಯಿರಿ ಎಂದೆ, ಜೋರಾಗಿ ಕೆಮ್ಮಿದೆ, ಎಲ್ಲವೂ ಓಡತೊಡಗಿದವು. ನೀನು ನಂಬುವುದಿಲ್ಲ, ಗೊತ್ತು. ನಿನ್ನಮ್ಮನೂ ನಂಬುತ್ತಿರಲಿಲ್ಲ. "ನಿನ್ನ ಮಾತನ್ನ ನಾಲ್ಕರಿಂದ ಭಾಗಿಸಿ, ಬಂದಿದ್ರಲ್ಲಿ ಅರ್ಧ ಎಸೀಬೇಕು ಕಣೋ" ಎನ್ನುತ್ತಿದ್ದಳು ಅಕ್ಕ. ಆರನೆಯ ಕ್ಲಾಸನ್ನು ಎರಡು ಸಲ ಓದಿದ ನನಗೆ ಭಾಗಾಕಾರ ಹೇಳಿಕೊಡಲು ಬರುತ್ತಿದ್ದಳು ನೋಡು!

ನೀನು ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ತಿನ್ನು, ನಿಂತುಕೊಂಡು ತಿನ್ನಬೇಡ. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತಿದೆ. ನಿಮ್ಮಪ್ಪನ ದೇಹಕ್ಕೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ದೇಹದ ಮಾತು ಅಷ್ಟೇ.

ಹೋದ ಕಾಗದದಲ್ಲಿ ನೀನು ನನಗೆ ವಹಿಸಿದ ಕೆಲಸದ ಬಗ್ಗೆಯೇ ಇದನ್ನು ಬರೆಯುತ್ತಿದ್ದೇನೆ. "ಅದು ಅಮ್ಮನೋ, ಕೆಟ್ಟ ಲಿಫ್ಟೋ, ಸಾಕ್ಷಿ ಸಮೇತ ಒಂದನ್ನ ತೀರ್ಮಾನ ಮಾಡು ಮಾವ. ಲಿಫ್ಟೇ ಆಗಿದ್ರೆ ಅಪ್ಪ ಹಟ ಬಿಟ್ಟು ನನ್ನ ಹತ್ರ ಬರ್ತಾನೆ" ಎಂದು ಬರೆದು, ನೀನು ಅವನ ಟಿಕೆಟ್ಟಿಗೆ ದುಡ್ಡನ್ನೂ ಕಳಿಸಿದ್ದೆ. ಅದರಲ್ಲಿ ಸ್ವಲ್ಪ ಚಿಲ್ಲರೆ ಖರ್ಚಾಗಿದೆ, ಆಮೇಲೆ ಹೇಳುತ್ತೇನೆ. ನೀನು ಇದನ್ನೆಲ್ಲ ಕಣ್ಣಾರೆ ಕಂಡವಳಲ್ಲ. ಅಕ್ಕ ಔಷಧಿ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಹೊತ್ತಿಗೆ, ಯಾರೂ ಗುಂಡಿ ಒತ್ತದೆ, ಲಿಫ್ಟು ಕೆಳಗಿನಿಂದ ಮೇಲೆ ಬರುತ್ತಿತ್ತು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದು, ಕೈತುಂಬ ಸಾಮಾನು ಹಿಡಿದವರು ಇಳಿಯಲಿ ಎಂದು ಕಾಯುವಂತೆ ನಿಂತು, ಮುಚ್ಚಿಕೊಳ್ಳುತ್ತಿತ್ತು. ಅವಳು ತೀರಿಕೊಂಡ ಮೇಲಿನ ವಾರದಿಂದ ಶುರು. ಭಾವ ಮುಖ ತೊಳೆದು, ತಲೆ ಬಾಚಿ, ಲಿಫ್ಟಿನೆದುರು ಕುರ್ಚಿ ಹಾಕಿ ಕೂರುತ್ತಿದ್ದ. ಬಾಗಿಲು ತೆರೆದಾಗ "ಬಂದ್ಯಾ?" ಎನ್ನುತ್ತಿದ್ದ. ಅಷ್ಟೇ. ಎದ್ದು ಒಳಗೆ ಹೋಗಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದ.

ನಾನು ಪರೀಕ್ಷೆ ಶುರು ಮಾಡಿದೆ. ಮೊದಲು ಲಿಫ್ಟಿನ ನೆಲಕ್ಕೆ ಮುಖದ ಪೌಡರು ಚೆಲ್ಲಿದೆ, ಹೆಜ್ಜೆ ಮೂಡುತ್ತದೋ ನೋಡೋಣ ಎಂದು. ಸಂಜೆ ಎರಡನೆಯ ಮಹಡಿಯ ಮೇಷ್ಟ್ರು ಕಟ್ಟಡವೆಲ್ಲ ಕೇಳುವಂತೆ ಕೂಗಿದರು: "ಒಳಗೆ ಹೋಗಿರೋ ಹೆಜ್ಜೆ ಇದೆ ಕಣ್ರೀ, ಹೊರಗೆ ಬಂದಿದ್ದೇ ಇಲ್ಲ!" ಜನ ಸೇರಿ ಬೆವರಿದರು. ಆಮೇಲೆ ನೋಡಿದರೆ ಅದು ನನ್ನದೇ ಚಪ್ಪಲಿ. ಪೌಡರು ಚೆಲ್ಲುತ್ತ ಹಿಂದೆ ಹಿಂದೆ ಸರಿದು ಹೊರಗೆ ಬಂದಿದ್ದೆ. ಮರುದಿನ ನಾನೇ ಲಿಫ್ಟಿನೊಳಗೆ ಕುಳಿತೆ. ಯಾರೂ ಗುಂಡಿ ಒತ್ತಲಿಲ್ಲ, ಆದರೂ ಅದು ನನ್ನನ್ನು ಹೊತ್ತು ಮೂರಕ್ಕೆ ಬಂದು ನಿಂತಿತು. ಬಾಗಿಲು ತೆರೆದಾಗ ಭಾವ "ಬಂದ್ಯಾ?" ಎಂದವನು, ನನ್ನ ಮೋರೆ ನೋಡಿ "ಥೂ, ನೀನಾ" ಎಂದ. ನಗು ಬಂತು. ಆದರೆ ಮಗಳೇ, ಮೇಲೆ ಬರುವಾಗ ನನ್ನ ತೋಳಿನ ಕೂದಲೆಲ್ಲ ನಿಂತಿತ್ತು. ಇದನ್ನು ಯಾರಿಗೂ ಹೇಳಬೇಡ, ನನ್ನ ಮರ್ಯಾದೆ ಹೋಗುತ್ತದೆ.

ಕಡೆಗೆ ಮಾಳಿಗೆಯ ಯಂತ್ರದ ಕೋಣೆಯಲ್ಲಿ ಕಳ್ಳನನ್ನು ಹಿಡಿದೆ ಎಂದುಕೊಂಡೆ. ಮೂರನೆಯ ಮಹಡಿಯ ಕರೆಗೆಂದೇ ಒಂದು ರಿಲೇ ಇದೆ, ಗುಂಡಿ ಒತ್ತಿದ್ದನ್ನು ಲಿಫ್ಟಿಗೆ ತಿಳಿಸುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಅದರೊಳಗೆ ಒಂದಕ್ಕೊಂದು ತಾಗುವ ಪಾಯಿಂಟುಗಳಿಗೆ ಕರಿ ಕಟ್ಟಿತ್ತು. ಸಂಜೆ ಎಲ್ಲರೂ ದೀಪ ಹಾಕಿದಾಗ ಕರೆಂಟು ಸೊರಗುತ್ತದೆ, ಆಗ ಅದು ಅಂಟಿಕೊಂಡು ಇಲ್ಲದ ಕರೆಯನ್ನು ಇದೆ ಎನ್ನಬಹುದು. ಅದನ್ನು ತೆಗೆದು ಹೊಸದು ಹಾಕಿದೆ. ಆ ಸಂಜೆ ಲಿಫ್ಟು ಬರಲಿಲ್ಲ. "ಕೇಸು ಮುಗೀತು ಭಾವ" ಎಂದು ಎದೆ ಸೆಟೆಸಿ ಹೇಳಿದೆ. ಅವನು ಕತ್ತಲಾಗುವವರೆಗೆ ಕೂತು, "ಹಳೇದನ್ನೇ ವಾಪಸ್ ಹಾಕು. ಆಗ ಬಂದ್ರೆ ಒಪ್ತೀನಿ" ಎಂದ. ನ್ಯಾಯವಾದ ಮಾತು. ಜೀವಮಾನವೆಲ್ಲ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನಲ್ಲವೇ!

ಹಳೆಯದನ್ನು ಹಾಕಿದೆ. ಲಿಫ್ಟು ಬರಲಿಲ್ಲ. ಮರುದಿನವೂ ಇಲ್ಲ. ಮೇಷ್ಟ್ರು ತೀರ್ಪು ಕೊಟ್ಟೇಬಿಟ್ಟರು: "ಹಾಗಾದ್ರೆ ರಿಲೇದು ತಪ್ಪಲ್ಲ. ಬರ್ತಿದ್ದೋಳು ಆಯಮ್ಮನೇ. ನೀನು ಓಡಿಸಿದೆ." ಭಾವ ನನ್ನನ್ನೇ ನೋಡುತ್ತಿದ್ದ. ಆಗ ನನ್ನ ಕಣ್ಣು ನನ್ನ ಕೈಯ ಮೇಲೆ ಬಿತ್ತು. ತೆಗೆದ ರಿಲೇಯನ್ನು ಡಬ್ಬಿಗೆ ಹಾಕುವ ಮುಂಚೆ ಉಪ್ಪುಕಾಗದದಿಂದ ಉಜ್ಜಿ ಫಳಫಳ ಮಾಡಿದ್ದೆ. ಯಾರೂ ಮಾಡು ಅಂದಿರಲಿಲ್ಲ. ಕರಿ ಕಂಡರೆ ಉಜ್ಜುವುದು ಈ ಕೈಯ ಚಟ, ನನ್ನನ್ನು ಕೇಳುವುದೂ ಇಲ್ಲ. ಇದ್ದ ಒಂದೇ ಸಾಕ್ಷಿಯನ್ನು ತೊಳೆದು ಒರೆಸಿ ಇಟ್ಟಿದ್ದೆ. ಆ ಕರಿ ಲಿಫ್ಟನ್ನು ಕರೆಯುತ್ತಿತ್ತೋ, ಅಕ್ಕ ಕರೆಯುತ್ತಿದ್ದಳೋ, ಇನ್ನು ಹೇಳುವವರಾರು?

ಹಾಗೆಯೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಭಾವ ಊಟ ಬಿಟ್ಟ. ಬಾರದ ಲಿಫ್ಟಿನ ಮುಂದೆ ತಲೆ ಬಾಚಿಕೊಂಡು ಕೂರುತ್ತಿದ್ದ. ನಾನು ಮೇಣದಬತ್ತಿಯ ಹೊಗೆಯಿಂದ ಪಾಯಿಂಟಿಗೆ ಕರಿ ಹಿಡಿಸಿದೆ. ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತು, ಐದನೆಯ ಮಹಡಿಯ ದೊಡ್ಡ ಹೊಟ್ಟೆಯ ದರ್ಜಿ ಒಳಗೆ ಸಿಕ್ಕಿಕೊಂಡು ನನ್ನ ವಂಶವನ್ನೇ ಬೈದ. ಗುಜರಿ ಅಂಗಡಿಗಳಲ್ಲಿ ಅದೇ ಕಾಲದ ಹಳೆಯ ರಿಲೇಗಳನ್ನು ಹುಡುಕಿ ತಂದು ಒಂದೊಂದನ್ನೇ ಹಾಕಿ ನೋಡಿದೆ. ಮೊನ್ನೆ ಗುರುವಾರ ಒಂದು ಕೆಲಸ ಮಾಡಿತು. ಸಂಜೆಯ ಅದೇ ಹೊತ್ತಿಗೆ ಲಿಫ್ಟು ತಾನಾಗಿ ಮೇಲೆ ಬಂದು, ಮೂರರಲ್ಲಿ ನಿಂತು, ಬಾಗಿಲು ತೆರೆಯಿತು.

ಭಾವ ಎದ್ದು ನಿಂತ. "ಬಂ" ಎಂದ, ಪೂರ್ತಿ ಅನ್ನಲಿಲ್ಲ. ತಿರುಗಿ ನನ್ನ ಬೆರಳು ನೋಡಿದ, ಮಸಿಯಾಗಿತ್ತು. "ನೀನಾ?" ಎಂದ. ಜನ್ಮವಿಡೀ ಬೇಡದ ಕಡೆಯೆಲ್ಲ ಸುಳ್ಳು ಹೇಳಿದ ನನ್ನ ಬಾಯಿಗೆ, ಬೇಕಾದಾಗ ಒಂದೂ ಬರಲಿಲ್ಲ. ಅವನಿಗೆ ಸಿಟ್ಟೂ ಬರಲಿಲ್ಲ, ಜೀರುಂಡೇ. "ತಿದ್ದಿದ ಸಾಕ್ಷಿ ಎಷ್ಟು ನೋಡಿಲ್ಲ ನಾನು" ಎಂದ. "ಇನ್ಮೇಲೆ ಅವಳು ನಿಜವಾಗಿ ಬಂದ್ರೂ ನೀನೇ ಅನ್ಕೋತೀನಿ ಕಣೋ" ಎಂದು ಕುರ್ಚಿಯನ್ನು ಒಳಗೆ ಎಳೆದುಕೊಂಡ.

ಇದು ನಾನು ಕೊಡಬಹುದಾದ ತೀರ್ಮಾನ. ಲಿಫ್ಟು ಬಂದರೆ ನನ್ನ ಕುತಂತ್ರ, ಬಾರದಿದ್ದರೆ ನಾನು ಅವಳನ್ನು ಓಡಿಸಿದ್ದು. ಅವಳು ಎದುರಿಗೆ ನಿಂತು ಕಿವಿ ಹಿಂಡಿದರೂ, ಯಾವ ತಂತಿ ಎಲ್ಲಿ ತಾಗಿತು ಎಂದು ಹುಡುಕುವ ಮುಂಡೇದು ನಾನು. ನಿನ್ನ ಹತ್ತಿರ ಹೋಗೋಣ ಎಂದು ಭಾವನನ್ನು ಕೇಳಿದೆ. "ಅವಳು ಬರ್ತಿದ್ದಾಗ ಬಿಟ್ಟು ಹೋಗೋಕಾಗ್ತಿರಲಿಲ್ಲ. ಈಗ ಎಲ್ಲಿಗೆ ಹೋದ್ರೇನು, ಇಲ್ಲಿದ್ರೇನು" ಎಂದ. ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಾನೆ. ತಟ್ಟೆ ಕೈಗಿಟ್ಟರೆ ಎರಡು ತುತ್ತು ತಿನ್ನುತ್ತಾನೆ. ತಲೆ ಬಾಚುವುದನ್ನು ಬಿಟ್ಟಿದ್ದಾನೆ.

ನಿನ್ನ ಮನೆಯವನಿಗೆ ನಾನು ಕೇಳಿದೆನೆಂದು ಹೇಳು. ನೀನು ನೂರು ಕಾಲ ಬಾಳು, ನನ್ನಂಥವರ ಕೈಗೆ ಏನನ್ನೂ ರಿಪೇರಿಗೆ ಕೊಡದೆ.

ನಿನ್ನ ಸೋದರಮಾವ,
ಲಿಫ್ಟುಗಳ ಚಕ್ರವರ್ತಿ (ನಿವೃತ್ತ)

ಮರೆತಿದ್ದೆ: ಟಿಕೆಟ್ಟಿನ ದುಡ್ಡಿನಲ್ಲಿ ಚಿಲ್ಲರೆ ಖರ್ಚಾಗಿದೆ ಎಂದೆನಲ್ಲ, ಆ ಮಾತನ್ನು ಅಕ್ಕ ಹೇಳಿದ ಹಾಗೆ ಭಾಗಿಸಬೇಡ, ಗುಣಿಸು. ಇಷ್ಟೊಂದು ಹಳೇ ರಿಲೇ ಯಾರಿಗೆ ಎಂದು ಗುಜರಿಯವನು ಕೇಳಿದಾಗ ಬಾಯಿ ತಪ್ಪಿ "ನಮ್ಮಕ್ಕನಿಗೆ" ಎಂದುಬಿಟ್ಟೆ. ಅವನು ನನ್ನ ಮುಖ ನೋಡಿದ. ಅಲ್ಲಿಂದಾಚೆ ಅವನು ಹೇಳಿದ್ದೇ ಬೆಲೆ, ನಾನು ಚೌಕಾಸಿ ಮಾಡಲಿಲ್ಲ. ನೀನು ಕಳಿಸಿದ ಅರವತ್ತು ಸಾವಿರ ಪೂರ್ತಿ ಹೋಯಿತು, ನನ್ನ ವಾಚು ಮಾರಿ ಬಂದ ಎರಡು ಸಾವಿರದ ನಾನೂರೂ ಅದರ ಹಿಂದೆಯೇ ಹೋಯಿತು. ಒಟ್ಟು ಅರವತ್ತೆರಡು ಸಾವಿರದ ನಾನೂರು.